ಒಬ್ಬ ರಾಜ ಇದ್ದ: ಇಂಗ್ಲಿಷಿನ ಆರ್ಟಿಕಲ್ಲೂ ಮುಂಬಯಿ ಕನ್ನಡಿಗರೂ



ದತ್ತಿ ಉಪನ್ಯಾಸವೆಂದರೆ ಪಂಪನ ಬಗ್ಗೆಯೋ ವಚನಕಾರರ ಬಗ್ಗೆಯೋ, ಈ ಊರಲ್ಲೇ ಕೂತು ಬರೆದ ಯಶವಂತ ಚಿತ್ತಾಲರ ಬಗ್ಗೆಯೋ ಮಾತು ಇರುತ್ತದೆ ಎಂದುಕೊಂಡು ಬಂದವರಿಗೆ ನನ್ನ ವಿಷಯ ತೀರ ಸಣ್ಣದೆನಿಸಬಹುದು. ಇಂಗ್ಲಿಷಿನ ಮೂರು ಪುಟ್ಟ ಪದಗಳು: ಎ, ಆ್ಯನ್, ದಿ. ಶಾಲೆಯಲ್ಲಿ ಇವುಗಳನ್ನು ಆರ್ಟಿಕಲ್ ಎಂದು ಕಲಿತಿದ್ದೇವೆ. ಸರಳವಾದ ಒಂದು ಇಂಗ್ಲಿಷ್ ವಾಕ್ಯದಲ್ಲಿ ಇವುಗಳಲ್ಲಿ ಯಾವುದನ್ನು ಹಾಕಬೇಕು, ಯಾವಾಗ ಯಾವುದನ್ನೂ ಹಾಕಬಾರದು ಎಂಬುದಷ್ಟೇ ಇಂದಿನ ಪ್ರಶ್ನೆ.

ಕನ್ನಡದ ವೇದಿಕೆಯ ಮೇಲೆ ಈ ಪ್ರಶ್ನೆ ಏಕೆ ಬೇಕು? ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಇದು ಮೊದಲಿನಿಂದಲೂ ಇರುವ ಪ್ರಶ್ನೆ, ಅದಕ್ಕೆ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹಡಗಿನಲ್ಲೋ ಬಸ್ಸಿನಲ್ಲೋ ಬಂದ ಹುಡುಗರು ಹಗಲಿಡೀ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು ಸಂಜೆ ಕೈ ತೊಳೆದುಕೊಂಡು ಓಡಿದ್ದು ಫೋರ್ಟ್ ಪ್ರದೇಶದ ರಾತ್ರಿಶಾಲೆಗಳಿಗೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಷನ್ ಮೊದಲಾದ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದ್ದರಿಂದಲೇ ಈ ನಗರದಲ್ಲಿ ಎಷ್ಟೋ ಮಂದಿ ಕನ್ನಡಿಗರು ಗುಮಾಸ್ತರಾದರು, ವಕೀಲರಾದರು, ಬ್ಯಾಂಕಿನವರಾದರು. ಆ ಹುಡುಗರು ಲೆಕ್ಕಕ್ಕೆ ಹೆದರುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಎದುರು ನಿಂತವರಿಗೆ ಲೆಕ್ಕ ಬಾಯಲ್ಲೇ ಇತ್ತು. ಅವರನ್ನು ತಡೆದು ನಿಲ್ಲಿಸುತ್ತಿದ್ದದ್ದು ಇಂಗ್ಲಿಷ್ ಪೇಪರು. ಅದರಲ್ಲೂ ಬಿಟ್ಟ ಸ್ಥಳ ತುಂಬಿ ಎಂಬ ಪ್ರಶ್ನೆಯಲ್ಲಿ ನಾಮಪದಕ್ಕೆ ಮೊದಲು ಬರುವ ಆ ಖಾಲಿ ಗೆರೆ.

ನಾನು ಬಹುಕಾಲ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲಿ ಒಂದು. 2000ದಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ಮಾಧ್ಯಮದ ಶಾಲೆಗಳಿಗೂ ಒಂದನೇ ಇಯತ್ತೆಯಿಂದಲೇ ಇಂಗ್ಲಿಷನ್ನು ತಂದಿತು. ಹಾಗಾಗಿ ಇಲ್ಲಿನ ಕನ್ನಡ ಶಾಲೆಯ ಮಗು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಹೊರುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಇದ್ದರೆ ಐದು. ಇಷ್ಟು ಭಾಷೆಗಳನ್ನು ಸಂಭಾಳಿಸುವ ಮಗುವನ್ನು ಒಂದು 'ದಿ' ಬಿಟ್ಟಿತೆಂದು ದಡ್ಡನೆನ್ನುವವರನ್ನು ನಾನು ಕಂಡಿದ್ದೇನೆ. ನನ್ನ ವಿದ್ಯಾರ್ಥಿಯೊಬ್ಬ ಕೆಲಸದ ಸಂದರ್ಶನದಲ್ಲಿ 'ಮೈ ಫಾದರ್ ಈಸ್ ಕುಕ್' ಎಂದಾಗ ಎದುರು ಕೂತವರು ನಕ್ಕರಂತೆ. ಅಪ್ಪನ ಕಸುಬಿಗೆ ನಕ್ಕರೋ ಬಿಟ್ಟುಹೋದ 'ಎ'ಗೆ ನಕ್ಕರೋ ಆ ಹುಡುಗನಿಗೆ ತಿಳಿಯಲಿಲ್ಲ. ಆ ನೋವಿನಿಂದಲೇ ನಾನು ಈ ವಿಷಯವನ್ನು ಹಿಡಿದಿದ್ದೇನೆ.

ಸಣ್ಣ ಪದಗಳು ಎಂದೆ. ಆದರೆ 1961ರ ಅಮೆರಿಕನ್ ಮುದ್ರಿತ ಬರಹಗಳಿಂದ ಆರಿಸಿದ, ಸುಮಾರು 10 ಲಕ್ಷ ಪದಗಳ ಬ್ರೌನ್ ಕಾರ್ಪಸ್ ಎಂಬ ಸಂಗ್ರಹದಲ್ಲಿ 'ದಿ' ಒಂದೇ 70 ಸಾವಿರದಷ್ಟು ಸಲ ಬರುತ್ತದೆ. ಹೆಚ್ಚು ಕಡಿಮೆ ಹದಿನಾಲ್ಕು ಪದಕ್ಕೊಂದು. ಇಂಗ್ಲಿಷಿನಲ್ಲಿ ಇದಕ್ಕಿಂತ ಹೆಚ್ಚು ಬಳಕೆಯ ಪದವಿಲ್ಲ. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಿರುಳು ಈ 'ದಿ'ಯೇ. 1918ರಲ್ಲಿ ಯುದ್ಧವಿರೋಧಿ ಬರಹಕ್ಕಾಗಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆ ಸೇರಿದಾಗಲೂ ಅವರು ಗಣಿತದ ತತ್ತ್ವಜ್ಞಾನದ ಮೇಲೆ ಒಂದು ಪುಸ್ತಕ ಬರೆದು, ಅದರಲ್ಲಿ ಏಕವಚನದ 'ದಿ'ಗೆ ಒಂದು ಅಧ್ಯಾಯ, ಬಹುವಚನದ 'ದಿ'ಗೆ ಇನ್ನೊಂದು ಅಧ್ಯಾಯ ಮೀಸಲಿಟ್ಟರು. ರಸೆಲ್ ಅಷ್ಟು ತಲೆಕೆಡಿಸಿಕೊಂಡ ಪದವನ್ನು ನಾವು ಆರನೇ ಇಯತ್ತೆಯ ಮಗುವಿಗೆ ಎರಡು ಪೀರಿಯಡ್ಡಿನಲ್ಲಿ ಮುಗಿಸಿಬಿಡುತ್ತೇವೆ.

ನಮ್ಮಲ್ಲಿ ಮುಗಿಸುವ ರೀತಿ ಎಲ್ಲರಿಗೂ ಗೊತ್ತಿರುವುದೇ. ನಿಯಮಗಳ ಪಟ್ಟಿ. ನದಿಗೆ ದಿ, ಸಮುದ್ರಕ್ಕೆ ದಿ, ಪತ್ರಿಕೆಗೆ ದಿ, ಸೂರ್ಯಚಂದ್ರರಿಗೆ ದಿ. ಊರಿಗೆ ಬೇಡ, ಊಟಕ್ಕೆ ಬೇಡ, ರೋಗಕ್ಕೆ ಬೇಡ. ಈ ಪಟ್ಟಿಯ ಮೂಲವೂ ನಮ್ಮ ಊರಿಗೆ ಹತ್ತಿರದ್ದೇ. ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಪಿ.ಸಿ. ರೆನ್ ಅಂದಿನ ಬೊಂಬಾಯಿ ಪ್ರೆಸಿಡೆನ್ಸಿಯ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. 1930ರ ದಶಕದಲ್ಲಿ ಬಂದ ಆ ಪುಸ್ತಕವನ್ನು ಹೊರತಂದದ್ದು ಮುಂಬಯಿಯ ಕೂಪರ್ ಪ್ರಕಾಶನ. ಅದನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೆ ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಗುವಿಗೆ ಪಟ್ಟಿ ನೆನಪು ಮಾಡಿಕೊಡುತ್ತದೆ. ಕೇಳದೆ ಬೆಳೆದ ಮಗುವಿಗೆ ಅದು ಕಾರಣವಿಲ್ಲದ ಕಟ್ಟಳೆ. ನದಿಗೆ ಏಕೆ ಬೇಕು, ಕೆರೆಗೆ ಏಕೆ ಬೇಡ ಎಂದು ಮಗು ಕೇಳಿದರೆ ಪಟ್ಟಿಯಲ್ಲಿ ಉತ್ತರವಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು: ಆರ್ಟಿಕಲ್ ಎಂಬ ಪದವರ್ಗ ಕನ್ನಡದಲ್ಲಿಲ್ಲ, ನಿಜ. ಆದರೆ ಆರ್ಟಿಕಲ್ ಮಾಡುವ ಕೆಲಸವನ್ನು ಕನ್ನಡದ ಮಗು ಮಾತು ಕಲಿತ ದಿನದಿಂದ ಮಾಡುತ್ತಿದೆ. ಆ ತಿಳಿವಳಿಕೆಯಿಂದ ಪಾಠ ಶುರುವಾಗಬೇಕು.

ಅಜ್ಜಿ ಕಥೆ ಹೇಗೆ ಶುರುವಾಗುತ್ತದೆ? ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು. ರಾಜ ಒಂದು ದಿನ ಬೇಟೆಗೆ ಹೋದ. ಮೊದಲ ವಾಕ್ಯದಲ್ಲಿ 'ಒಬ್ಬ ರಾಜ', ಎರಡನೆಯದರಲ್ಲಿ 'ಆ ರಾಜ', ಮೂರನೆಯದರಲ್ಲಿ ಬರಿಯ 'ರಾಜ'. ಮೊದಲನೆಯದು ಇಂಗ್ಲಿಷಿನ 'ಎ ಕಿಂಗ್', ಮುಂದಿನ ಎರಡೂ 'ದಿ ಕಿಂಗ್'. ಯಾವ ಅಜ್ಜಿಯೂ ಮೊದಲ ವಾಕ್ಯವನ್ನು 'ಆ ರಾಜ ಇದ್ದ' ಎಂದು ಶುರುಮಾಡುವುದಿಲ್ಲ. ಮಾಡಿದರೆ ಮಗು ತಡೆದು ಯಾವ ರಾಜ ಎಂದು ಕೇಳುತ್ತದೆ. ಆ ಮಗುವಿನ ಪ್ರಶ್ನೆಯೇ ಆರ್ಟಿಕಲ್ಲಿನ ಇಡೀ ವ್ಯಾಕರಣ. ತುಳುವಿನ ಅಜ್ಜಿ 'ಒಂಜಿ ಊರುಡು ಒರಿ ಅರಸು ಇತ್ತೆ' ಎನ್ನುತ್ತಾಳೆ, ನೆರೆಮನೆಯ ಮರಾಠಿ ಅಜ್ಜಿ 'ಏಕ್ ಹೋತಾ ರಾಜಾ' ಎನ್ನುತ್ತಾಳೆ. ಮುಂಬಯಿಯ ಇಂಥ ಚಾಳಿನಲ್ಲಿ ಯಾವ ಮನೆಯ ಮಾತಿನಲ್ಲೂ ಆರ್ಟಿಕಲ್ ಇಲ್ಲ; ಹೊಸಬನನ್ನು ಹೊಸಬನೆಂದು, ಪರಿಚಿತನನ್ನು ಪರಿಚಿತನೆಂದು ತೋರಿಸುವ ಕ್ರಮ ಎಲ್ಲರಲ್ಲೂ ಇದೆ.

ಅದು ಒಬ್ಬ, ಒಂದು, ಆ ಎಂಬ ಪದಗಳಲ್ಲಿ ಮಾತ್ರ ಇಲ್ಲ. 'ಮೇಜಿನ ಮೇಲೆ ಪುಸ್ತಕ ಇದೆ' ಎಂದಾಗ ಕೇಳುವವನಿಗೆ ಆ ಪುಸ್ತಕದ ವಿಷಯ ಹೊಸದು. 'ಪುಸ್ತಕ ಮೇಜಿನ ಮೇಲಿದೆ' ಎಂದಾಗ ಅವನು ಹುಡುಕುತ್ತಿದ್ದ ಪುಸ್ತಕವೇ ಅದು. ಮೊದಲನೆಯದು 'ದೇರ್ ಈಸ್ ಎ ಬುಕ್ ಆನ್ ದಿ ಟೇಬಲ್', ಎರಡನೆಯದು 'ದಿ ಬುಕ್ ಈಸ್ ಆನ್ ದಿ ಟೇಬಲ್'. ಪದ ಒಂದೂ ಹೆಚ್ಚಾಗಲಿಲ್ಲ, ಜಾಗ ಬದಲಾಯಿತು ಅಷ್ಟೆ. ಇಂಗ್ಲಿಷ್ ಆರ್ಟಿಕಲ್ಲಿಗೆ ಕೊಟ್ಟ ಕೆಲಸವನ್ನು ಕನ್ನಡ ಪದಗಳ ಸಾಲಿಗೆ ಕೊಟ್ಟಿದೆ.

ಇದಕ್ಕಿಂತ ಸೊಗಸಾದದ್ದು ದ್ವಿತೀಯಾ ವಿಭಕ್ತಿಯಲ್ಲಿದೆ. 'ಅವರು ಮಗನಿಗೆ ಹೆಣ್ಣು ನೋಡಲು ಹೋಗಿದ್ದಾರೆ' ಎಂದರೆ ಯಾವ ಹೆಣ್ಣೆಂಬುದು ಇನ್ನೂ ಗೊತ್ತಾಗಬೇಕು. ಮದುವೆಯ ಮಾತು ಶುರುವಾಗಿದೆ ಅಷ್ಟೆ. 'ಹೆಣ್ಣನ್ನು ನೋಡಲು ಹೋಗಿದ್ದಾರೆ' ಎಂದರೆ ಜಾತಕ ಬಂದಾಗಿದೆ, ಮನೆ ಗೊತ್ತಾಗಿದೆ, ನಿಮಗೂ ನಮಗೂ ತಿಳಿದ ಒಬ್ಬಳು ಹುಡುಗಿ ಇದ್ದಾಳೆ. ಹಾಗೆಯೇ ಡೊಂಬಿವಿಲಿಯಲ್ಲಿ 'ಮನೆ ಹುಡುಕುತ್ತಿದ್ದೇವೆ' ಎನ್ನುವವನಿಗೆ ಬಾಡಿಗೆ ಮನೆ ಬೇಕು. 'ಮನೆಯನ್ನು ಹುಡುಕುತ್ತಿದ್ದೇವೆ' ಎನ್ನುವವನ ಕೈಯಲ್ಲಿ ವಿಳಾಸದ ಚೀಟಿ ಇದೆ. ಇಂಗ್ಲಿಷಿನಲ್ಲಿ ಮೊದಲನೆಯವನು 'ಎ ಹೌಸ್' ಎನ್ನಬೇಕು, ಎರಡನೆಯವನು 'ದಿ ಹೌಸ್'. ಅನ್ನು ಎಂಬ ಪ್ರತ್ಯಯ ಎಲ್ಲ ಕಡೆಯೂ 'ದಿ'ಗೆ ಸಮ ಎನ್ನುತ್ತಿಲ್ಲ. ಮನುಷ್ಯರನ್ನು ಹೇಳುವಾಗ ಅದು ಬೇರೆ ಕಾರಣಕ್ಕೂ ಬರುತ್ತದೆ. ಆದರೆ ಹೆಣ್ಣು ಮತ್ತು ಹೆಣ್ಣನ್ನು, ಮನೆ ಮತ್ತು ಮನೆಯನ್ನು ಇವುಗಳ ವ್ಯತ್ಯಾಸ ಕಿವಿಗೆ ಬೀಳುವ ಮಗುವಿಗೆ ಆರ್ಟಿಕಲ್ಲಿನ ಒಳಗುಟ್ಟು ಗೊತ್ತಿದೆ. ಗೊತ್ತಿದೆ ಎಂದು ಮೇಷ್ಟ್ರು ಹೇಳಬೇಕು.

ಈ ಒಳಗುಟ್ಟಿಗೆ ಒಂದೇ ಪ್ರಶ್ನೆ ಸಾಕು: ಕೇಳುವವನಿಗೆ ಅದು ಯಾವುದೆಂದು ಗೊತ್ತೇ? ಗೊತ್ತಿದ್ದರೆ ದಿ. ಗೊತ್ತಿಲ್ಲ, ಎಣಿಸಬಹುದಾದ ಒಂದು ವಸ್ತು ಎಂದರೆ ಎ ಅಥವಾ ಆ್ಯನ್. ಹೇಳುವವನಿಗೆ ಗೊತ್ತಿದ್ದರೆ ಸಾಲದು ಎಂಬುದನ್ನು ಒತ್ತಿ ಹೇಳುತ್ತೇನೆ, ಮಕ್ಕಳು ಎಡವುವುದು ಅಲ್ಲೇ. ನಾನು ನಿನ್ನೆ ಮಾಟುಂಗಾದಲ್ಲಿ ಒಂದು ಪುಸ್ತಕ ಕೊಂಡೆ. ಯಾವುದೆಂದು ನನಗೆ ಚೆನ್ನಾಗಿ ಗೊತ್ತು, ನಿಮಗೆ ಗೊತ್ತಿಲ್ಲ. ಆದ್ದರಿಂದ 'ಐ ಬಾಟ್ ಎ ಬುಕ್'. ಆರ್ಟಿಕಲ್ ಹಾಕುವುದೆಂದರೆ ಎದುರಿಗಿರುವವನ ತಲೆಯಲ್ಲಿ ಏನಿದೆ ಎಂದು ಒಂದು ಕ್ಷಣ ಯೋಚಿಸುವುದು.

ಮುಂಬಯಿಯ ಲೋಕಲ್ ಗಾಡಿ ಇದಕ್ಕೆ ಒಳ್ಳೆಯ ತರಗತಿ. ಠಾಣೆಗೆ ಹೇಗೆ ಹೋಗಲಿ ಎಂದು ಹೊಸಬ ಕೇಳಿದರೆ 'ಟೇಕ್ ಎ ಟ್ರೇನ್' ಎನ್ನುತ್ತೇವೆ. ಕೆಲವೇ ನಿಮಿಷಕ್ಕೊಂದು ಬರುತ್ತದೆ, ಯಾವುದಾದರೂ ಆದೀತು. ದಿನವೂ ಜೊತೆಗೆ ಹೋಗುವ ಗೆಳೆಯನಿಗೆ 'ಐ ಮಿಸ್ಡ್ ದಿ ಟ್ರೇನ್' ಎಂದರೆ ಸಾಕು, 8.12ರ ಗಾಡಿ ಎಂದು ಅವನಿಗೆ ತಿಳಿಯುತ್ತದೆ. 'ಐ ಕ್ಯಾಚ್ ದಿ 8.12' ಎಂಬುದು ಅಪ್ಪಟ ಇಂಗ್ಲಿಷ್, ಅಪ್ಪಟ ಮುಂಬಯಿ ಕೂಡ. ಊರಿಗೆ ಹೊರಟವರ ರೈಲು 'ದಿ ಮತ್ಸ್ಯಗಂಧ'ಕ್ಕೆ ವಿವರಣೆಯೇ ಬೇಡ. ಹೋಗುವ ಬಗೆಯನ್ನು ಮಾತ್ರ ಹೇಳುವಾಗ, ಗಾಡಿ ಯಾವುದೆಂಬ ಪ್ರಶ್ನೆಯೇ ಏಳದಿದ್ದಾಗ, 'ಬೈ ಟ್ರೇನ್': ಅಲ್ಲಿ ಏನೂ ಬೇಡ. ಹೀಗೆ ಒಂದೇ ನಾಮಪದ ಎ, ದಿ, ಶೂನ್ಯ ಮೂರನ್ನೂ ಹೊತ್ತು ನಿಲ್ಲುತ್ತದೆ. ನಾಮಪದ ನೋಡಿ ಆರ್ಟಿಕಲ್ ಆರಿಸಲಾಗದು, ಮಾತಿನ ಸಂದರ್ಭ ನೋಡಿಯೇ ಆರಿಸಬೇಕು.

ಆದರೆ ಅದೇ ಗಾಡಿಯೊಳಗೆ ಮಗುವಿಗೆ ಕೇಳಿಸುವುದೇನು? 'ಪುಢೀಲ್ ಸ್ಟೇಷನ್ ದಾದರ್, ಅಗಲಾ ಸ್ಟೇಷನ್ ದಾದರ್, ನೆಕ್ಸ್ಟ್ ಸ್ಟೇಷನ್ ದಾದರ್.' ಮೂರು ಭಾಷೆಯಲ್ಲೂ ಒಂದೇ ಅಚ್ಚು. ಪೂರ್ಣ ವಾಕ್ಯವಾದರೆ 'ದಿ ನೆಕ್ಸ್ಟ್ ಸ್ಟೇಷನ್ ಈಸ್ ದಾದರ್' ಆಗಬೇಕು. ಘೋಷಣೆಯಲ್ಲಿ, ಬೋರ್ಡಿನಲ್ಲಿ, ಪತ್ರಿಕೆಯ ತಲೆಬರಹದಲ್ಲಿ ಆರ್ಟಿಕಲ್ ಬಿಡುವುದು ಇಂಗ್ಲಿಷಿನ ಒಪ್ಪಿತ ರೂಢಿ. ನಮ್ಮ ಮಕ್ಕಳಿಗೆ ದಿನಬಳಕೆಯ ಇಂಗ್ಲಿಷ್ ಸಿಗುವುದು ಮುಖ್ಯವಾಗಿ ಈ ಮೂರು ಕಡೆಯಿಂದಲೇ ಎಂಬುದನ್ನು ಮೇಷ್ಟ್ರುಗಳು ಗಮನಿಸಬೇಕು. ಅವರು ನಕಲು ಮಾಡುತ್ತಿರುವುದು ಸರಿಯಾದ ಇಂಗ್ಲಿಷನ್ನೇ. ಅದು ಸಲ್ಲುವ ಜಾಗ ಬೇರೆ.

ಇನ್ನು ಊರಿನ ಹೆಸರುಗಳು. ದಿ ಅರೇಬಿಯನ್ ಸೀ, ದಿ ಮಿಠಿ ರಿವರ್, ದಿ ವೆಸ್ಟರ್ನ್ ಘಾಟ್ಸ್, 1924ರಲ್ಲಿ ಕಟ್ಟಿ ಮುಗಿದ ದಿ ಗೇಟ್‌ವೇ ಆಫ್ ಇಂಡಿಯಾ. ಆದರೆ ಪವಾಯಿ ಲೇಕ್, ಮರೀನ್ ಡ್ರೈವ್, ಚರ್ಚ್‌ಗೇಟ್ ಸ್ಟೇಷನ್, ಮಲಾಡ್, ಮುಲುಂಡ್ ಇವಕ್ಕೆ ಬೇಡ. ಇಲ್ಲಿ ರೂಢಿಯ ಪಾಲು ದೊಡ್ಡದು, ಬಾಯಿಪಾಠ ಮಾಡಬೇಕಾದದ್ದೂ ಇದೆ. ಆದರೂ ಒಂದು ಎಳೆ ಹಿಡಿಯಬಹುದು. ಗೇಟ್‌ವೇ ಎಂಬುದು ಮೂಲತಃ ಸಾಮಾನ್ಯ ಪದ, ಹೆಬ್ಬಾಗಿಲು. ಯಾವ ಹೆಬ್ಬಾಗಿಲು ಎಂಬುದನ್ನು 'ದಿ' ಗೊತ್ತುಮಾಡುತ್ತದೆ. ಮಲಾಡ್ ಹೆಸರೇ ಆದ್ದರಿಂದ ಗೊತ್ತುಮಾಡುವ ಕೆಲಸ ಉಳಿದಿಲ್ಲ. 1857ರಲ್ಲಿ ಸ್ಥಾಪನೆಯಾದ ನಮ್ಮ ವಿಶ್ವವಿದ್ಯಾಲಯವನ್ನು 'ದಿ ಯೂನಿವರ್ಸಿಟಿ ಆಫ್ ಮುಂಬೈ' ಎಂದು ಬರೆದರೆ ದಿ ಬೇಕು, 'ಮುಂಬೈ ಯೂನಿವರ್ಸಿಟಿ' ಎಂದರೆ ಬೇಡ.

ಫೋರ್ಟಿನ ಕಥೆ ಇನ್ನೂ ಚೆನ್ನಾಗಿದೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಆ ಪ್ರದೇಶ 'ದಿ ಫೋರ್ಟ್'. ಅದು ನಿಜವಾದ ಕೋಟೆಯಾಗಿತ್ತು, ಊರಿಗೆಲ್ಲ ಒಂದೇ ಕೋಟೆ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಅದರ ಗೋಡೆಗಳನ್ನು ಕೆಡವಿದರು. ಕಲ್ಲು ಹೋಯಿತು, ಪದ ಉಳಿಯಿತು; ಕೋಟೆ ಎಂಬ ಅರ್ಥ ಕರಗಿ ಬರಿಯ ಹೆಸರಾದ ಹಾಗೆ 'ದಿ'ಯೂ ಸಡಿಲವಾಯಿತು. ಇಂದು 'ಮೈ ಆಫೀಸ್ ಈಸ್ ಇನ್ ಫೋರ್ಟ್' ಎಂದು ಹೇಳುವವರೇ ಹೆಚ್ಚು. ಸಾಮಾನ್ಯ ಪದವೊಂದು ಹೆಸರಾಗಿ ಮಾರ್ಪಡುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗದು, ನಮ್ಮ ರಾತ್ರಿಶಾಲೆಗಳ ಬಾಗಿಲಲ್ಲೇ ಇದೆ.

ಎ ಮತ್ತು ಆ್ಯನ್ ನಡುವೆ ಆರಿಸುವುದಕ್ಕೆ ಕನ್ನಡದ ಮಗುವಿಗೆ ಇಂಗ್ಲಿಷ್ ಮಾಧ್ಯಮದ ಮಗುವಿಗಿಂತ ಸುಲಭದ ದಾರಿ ಇದೆ. ಎ, ಇ, ಐ, ಓ, ಯು ಎಂಬ ಐದಕ್ಷರ ಬಂದರೆ ಆ್ಯನ್ ಎಂದು ಕಲಿಸುತ್ತಾರೆ. ಆಮೇಲೆ ಅದಕ್ಕೆ ಅಪವಾದಗಳನ್ನು ಕಲಿಸುತ್ತಾರೆ. ಅಪವಾದ ಯಾವುದೂ ಇಲ್ಲ. ನಿಯಮ ಇರುವುದು ಉಚ್ಚಾರಕ್ಕೆ, ಕಾಗುಣಿತಕ್ಕಲ್ಲ. ಇಂಗ್ಲಿಷ್ ಪದವನ್ನು ಕೇಳಿದಂತೆ ಕನ್ನಡ ಲಿಪಿಯಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದ ಶುರುವಾದರೆ ಎ. ಅಂಬ್ರೆಲಾ: ಅಕಾರ, ಆ್ಯನ್. ಯೂನಿಫಾರ್ಮ್: ಯಕಾರ, ಎ. ಅವರ್ ಎಂದರೆ ಗಂಟೆ, ಬರೆಯುವಾಗ ಎಚ್ ಇದ್ದರೂ ಕಿವಿಗೆ ಅಕಾರ, ಆ್ಯನ್. ಆನೆಸ್ಟ್ ಮ್ಯಾನ್, ಆ್ಯನ್. ಯುರೋಪಿಯನ್, ಎ. ಈ ನಗರದಲ್ಲಿ ದಿನವೂ ಬೇಕಾಗುವ ಹ್ರಸ್ವನಾಮಗಳನ್ನೇ ನೋಡಿ: ಎಸ್‌ಎಸ್‌ಸಿ ಸರ್ಟಿಫಿಕೇಟಿಗೆ, ಎಲ್‌ಐಸಿ ಪಾಲಿಸಿಗೆ, ಎಫ್‌ಐಆರ್‌ಗೆ, ಆರ್‌ಟಿಐ ಅರ್ಜಿಗೆ ಆ್ಯನ್, ಬೆಸ್ಟ್ ಬಸ್ಸಿಗೆ, ಯುಪಿಎಸ್‌ಸಿ ಪರೀಕ್ಷೆಗೆ ಎ. ಒಂದನೇ ಇಯತ್ತೆಯ ವರ್ಣಮಾಲೆ ಗೊತ್ತಿದ್ದವರು ಯಾರೂ ಇಲ್ಲಿ ತಪ್ಪಬೇಕಿಲ್ಲ. ಒಂದೇ ಎಚ್ಚರ ಬೇಕು. ನಾವು ಮಾತಾಡುವಾಗ ಮೊದಲಿನ ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಅಂಟಿಸುತ್ತೇವೆ. ಎಗ್ ಎಂಬುದನ್ನು ಯೆಗ್ ಎಂದವನು 'ಎ ಯೆಗ್' ಎಂದೇ ಮುಂದುವರಿಯುತ್ತಾನೆ. ಮತ್ತೊಂದು ಕಡೆ, ಸಂಖ್ಯೆಯ 'ಒನ್' ಅನ್ನು ನಾವು ಒಕಾರದಿಂದ ಬರೆದರೂ ಇಂಗ್ಲಿಷಿನವರ ಬಾಯಲ್ಲಿ ಅದು ವನ್. ಆದ್ದರಿಂದ 'ಎ ಒನ್-ರುಪಿ ಕಾಯಿನ್'.

ಕನ್ನಡ ನೆರವಿಗೆ ಬಾರದ ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು. ಮೊದಲನೆಯದು ಕಸುಬು. 'ಅಪ್ಪ ಅಡಿಗೆಯವರು', 'ಅಕ್ಕ ನರ್ಸು' ಎಂಬಲ್ಲಿ ಒಬ್ಬ, ಒಬ್ಬಳು ಬರುವುದಿಲ್ಲ, ಬಂದರೆ ಕನ್ನಡ ಕೆಡುತ್ತದೆ. ಇಂಗ್ಲಿಷಿಗೆ ಅಲ್ಲಿ ಎ ಬೇಕೇಬೇಕು: 'ಮೈ ಫಾದರ್ ಈಸ್ ಎ ಕುಕ್'. ಸಂದರ್ಶನದಲ್ಲಿ ಆ ಹುಡುಗ ಹೇಳಿದ್ದು ಕನ್ನಡದ ಸರಿಯಾದ ವಾಕ್ಯದ ನೆರಳು. ಇದನ್ನು ಬಾಯಿಗೆ ಬರುವ ತನಕ ಹೇಳಿಸಿ ಕಲಿಸಬೇಕು, ಬೇರೆ ದಾರಿಯಿಲ್ಲ. ಎರಡನೆಯದು ಒಂದು ಮತ್ತು ಎ. ಒಬ್ಬ ಮನುಷ್ಯ ಬಂದ ಎಂಬುದು ಮಕ್ಕಳ ಬಾಯಲ್ಲಿ 'ಒನ್ ಮ್ಯಾನ್ ಕೇಮ್' ಆಗುತ್ತದೆ. ಇಂಗ್ಲಿಷಿನ ಒನ್ ಎಣಿಸುವ ಪದ, ಇಬ್ಬರಲ್ಲ ಒಬ್ಬನೇ ಎಂಬ ಒತ್ತು ಅದರಲ್ಲಿದೆ. ಎ ಎಣಿಸುವುದಿಲ್ಲ, ಪರಿಚಯಿಸುತ್ತದೆ. ನಮ್ಮ ಒಬ್ಬ, ಒಂದು ಎರಡೂ ಕೆಲಸ ಮಾಡುತ್ತವೆ. ಮೂರನೆಯದು ಇಂಗ್ಲಿಷ್ ಎಣಿಸದ ವಸ್ತುಗಳು: ಫರ್ನಿಚರ್, ಲಗೇಜ್, ಅಡ್ವೈಸ್, ಇನ್ಫರ್ಮೇಶನ್. ಒಂದು ಮಾಹಿತಿ, ಒಂದು ಸಲಹೆ ಎಂದು ನಾವು ಧಾರಾಳವಾಗಿ ಎಣಿಸುತ್ತೇವೆ. ಅಲ್ಲಿ ಎ ಸಲ್ಲದು. ಕಾಯಿಲೆಗಳಲ್ಲಿ ತಲೆನೋವು, ನೆಗಡಿಗೆ ಎ ಉಂಟು, ಮಳೆಗಾಲದ ಮಲೇರಿಯಾ, ಡೆಂಗ್ಯೂಗಳಿಗೆ ಇಲ್ಲ. ಇನ್ನು ಕೆಲವು ಕಡೆ ಹೋಗುವ ಉದ್ದೇಶ ನೋಡಬೇಕು: ಶಾಲೆಗೆ ಓದಲು ಹೋಗುವ ಮಗ 'ಗೋಸ್ ಟು ಸ್ಕೂಲ್'; ಫೀಸು ಕಟ್ಟಲು ಹೋಗುವ ಅಪ್ಪ 'ಗೋಸ್ ಟು ದಿ ಸ್ಕೂಲ್'.

ಇವೆಲ್ಲಕ್ಕಿಂತ ದೊಡ್ಡ ತೊಡಕು ಕಿವಿಯದು. ಕನ್ನಡದಲ್ಲಿ ಬರೆದ ಅಕ್ಷರವನ್ನೆಲ್ಲ ತುಂಬು ಬಾಯಲ್ಲಿ ನುಡಿಯುತ್ತೇವೆ. ಇಂಗ್ಲಿಷ್ ಒತ್ತಿಲ್ಲದ ಅಕ್ಷರವನ್ನು ನುಂಗುತ್ತದೆ. ವೇಗವಾಗಿ ಮಾತಾಡುವವರ ಬಾಯಲ್ಲಿ ಎ ಎಂಬುದು ಅರೆ ಅಕಾರ, ದಿ ಎಂಬುದು ವ್ಯಂಜನದ ಮುಂದೆ ಮೆಲ್ಲನೆಯ ದ. ಸ್ವರದ ಮುಂದೆ ಮಾತ್ರ ಅದು ದಿ ಎಂದು ಕೇಳಿಸುತ್ತದೆ. ನಮ್ಮ ಮಕ್ಕಳು ಆರ್ಟಿಕಲ್ ಬಿಡುವುದಕ್ಕೆ ಒಂದು ಕಾರಣ ಅವರಿಗೆ ಅದು ಕೇಳಿಸಿಯೇ ಇಲ್ಲ ಎಂಬುದು. ವ್ಯಾಕರಣ ಹೇಳುವ ಮೊದಲು ಗಟ್ಟಿಯಾಗಿ ಓದಿ ಕೇಳಿಸಬೇಕು, ದಿನಕ್ಕೆ ಹತ್ತು ನಿಮಿಷವಾದರೂ.

ಆರ್ಟಿಕಲ್ ಇಲ್ಲದಿರುವುದು ಭಾಷೆಯ ಕೊರತೆ ಎಂಬ ಭಾವನೆ ಕೆಲವರಲ್ಲಿದೆ. ಸಂಸ್ಕೃತಕ್ಕೆ ಇಲ್ಲ, ಲ್ಯಾಟಿನ್ನಿಗೆ ಇರಲಿಲ್ಲ, ರಷ್ಯನ್ನಿಗೆ ಇಂದಿಗೂ ಇಲ್ಲ. ಇಂಗ್ಲಿಷಿಗೇ ಸಾವಿರ ವರ್ಷದ ಹಿಂದೆ ಇಂದಿನ ರೂಪದಲ್ಲಿ ಇರಲಿಲ್ಲ. ಆಗ ಅದರಲ್ಲಿದ್ದದ್ದು ಒಂದು ಎಂಬ ಅರ್ಥದ ಆನ್ ಮತ್ತು ಆ, ಅದು ಎಂಬ ಅರ್ಥದ ನಿರ್ದೇಶಕ ಪದಗಳು. ಅವೇ ಸವೆದು ಸವೆದು ಆ್ಯನ್, ಎ, ದಿ ಆದವು. ಅಂದರೆ ಇಂದು ಕನ್ನಡ ಒಂದು ಮತ್ತು ಆ ಎಂಬ ಎರಡು ಪದ ಹಿಡಿದು ನಿಂತಿರುವಲ್ಲಿಂದಲೇ ಇಂಗ್ಲಿಷ್ ಹೊರಟದ್ದು. ಆ್ಯನ್ ಮೊದಲಿನದು, ಎ ಅದರ ಸವಕಲು ರೂಪ. ಪಠ್ಯಪುಸ್ತಕದ ಕ್ರಮ ಇದಕ್ಕೆ ತಿರುಗುಮುರುಗು. ಸವೆಯುವಾಗ ಪದಗಳ ಗಡಿಯೂ ಕಲಸಿಹೋದದ್ದುಂಟು: ನ್ಯಾಪ್ರನ್ ಎಂಬುದು ಏಪ್ರನ್ ಆದದ್ದು 'ಎ ನ್ಯಾಪ್ರನ್' ಎಂಬುದನ್ನು 'ಆ್ಯನ್ ಏಪ್ರನ್' ಎಂದು ಒಡೆದು ಕೇಳಿದ್ದರಿಂದ. ನಮ್ಮ ನಾರಂಗ ಪರ್ಷಿಯ, ಅರಬಸ್ಥಾನ ದಾಟಿ ಯೂರೋಪಿಗೆ ಹೋಗಿ ನಕಾರ ಕಳೆದುಕೊಂಡು ಆರೆಂಜ್ ಆದದ್ದಕ್ಕೂ ಅಲ್ಲಿನ ಭಾಷೆಗಳ ಆರ್ಟಿಕಲ್ಲೇ ಕಾರಣವೆಂದು ನಿರುಕ್ತಕಾರರು ವಿವರಿಸುತ್ತಾರೆ.

ಭಾರತೀಯರ ಇಂಗ್ಲಿಷನ್ನು ತಪ್ಪುಗಳ ಮೂಟೆ ಎಂದು ನೋಡುವ ಕಾಲವೂ ಕಳೆದಿದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿಯವರು 1978ರ ಭಾರತೀಯ ಇಂಗ್ಲಿಷ್ ಮುದ್ರಣಗಳಿಂದ 500 ತುಣುಕುಗಳನ್ನು ಆಯ್ದು, ಒಂದೊಂದರಲ್ಲಿ ಸುಮಾರು 2,000 ಪದ ಬರುವಂತೆ ಕೊಲ್ಹಾಪುರ ಕಾರ್ಪಸ್ ಕಟ್ಟಿದರು. ಬ್ರೌನ್ ಸಂಗ್ರಹದ ಅಳತೆಗೇ ಕಟ್ಟಿದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಅಮೆರಿಕದಲ್ಲಿ ನೆಲೆಸಿದ ಭಾರತೀಯರ ಮಾತಿನ ಮೇಲೆ ದೇವಯಾನಿ ಶರ್ಮಾ 2005ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ವಾದಕ್ಕೆ ಬಲ ಕೊಟ್ಟಿದೆ. ಆ ಭಾರತೀಯರು ಆರ್ಟಿಕಲ್ ಬಿಡುವುದು ಗೊತ್ತುಗುರಿ ಇಲ್ಲದೆ ಅಲ್ಲ. ಸಂದರ್ಭದಿಂದಲೇ ಯಾವುದೆಂದು ತಿಳಿಯುವ ಕಡೆ ಬಿಡುತ್ತಾರೆ, ತಿಳಿಯದ ಕಡೆ ಹಾಕುತ್ತಾರೆ. ಅಂದರೆ ಕೇಳುವವನಿಗೆ ಗೊತ್ತೇ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಇದ್ದೇ ಇದೆ. ಇಂಗ್ಲಿಷ್ ಮಾತ್ರ, ಕೇಳುವವನಿಗೆ ಗೊತ್ತಿದ್ದರೂ ಬಾಯಿಬಿಟ್ಟು ಹೇಳು ಎನ್ನುತ್ತದೆ.

ಹಿಮ್ಮುಖದ ಹರಿವೂ ನಡೆದಿದೆ, ಕನ್ನಡದ ಸಭೆಯಾದ್ದರಿಂದ ಅದನ್ನೂ ಹೇಳಬೇಕು. 'ಅವರು ಒಬ್ಬ ಹಿರಿಯ ಲೇಖಕರು', 'ಇದು ಒಂದು ಮುಖ್ಯವಾದ ಪ್ರಶ್ನೆ' ಎಂಬ ವಾಕ್ಯಗಳು ನಮ್ಮ ಪತ್ರಿಕೆಗಳಲ್ಲಿ ತುಂಬಿವೆ. ಅವರು ಹಿರಿಯ ಲೇಖಕರು, ಇದು ಮುಖ್ಯ ಪ್ರಶ್ನೆ ಎಂದರೆ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ಇಂಗ್ಲಿಷಿನ 'ಎ' ಕನ್ನಡದೊಳಗೆ ಕಾರಣವಿಲ್ಲದೆ ನುಸುಳಿದೆ, ನನಗೆ ಇದು ಒಪ್ಪಿಗೆಯಿಲ್ಲ. ಮಗುವಿಗೆ ಎರಡು ಭಾಷೆಯ ವ್ಯತ್ಯಾಸವನ್ನು ಸರಿಯಾಗಿ ಕಲಿಸಿದರೆ ಇಂಗ್ಲಿಷಿನಲ್ಲಿ ಎ ಬಿಡುವುದೂ ಕನ್ನಡದಲ್ಲಿ ಬೇಡದ ಒಂದು ಸೇರಿಸುವುದೂ ಒಟ್ಟಿಗೇ ನಿಲ್ಲುತ್ತವೆ.

ಮರಾಠಿಗರಿಗೆ ತರ್ಖಡ್ಕರ್ ಭಾಷಾಂತರ ಪಾಠಮಾಲೆ ಇದೆ. ಮರಾಠಿ ವಾಕ್ಯದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮರಾಠಿಗೆ ಹೋಗಿ ಬರುತ್ತ ಅದರಲ್ಲಿ ತಲೆಮಾರುಗಳು ಕಲಿತಿವೆ. ಮುಂಬಯಿಯ ಕನ್ನಡ ಮಕ್ಕಳಿಗೆ ಅಂಥದೊಂದು ಕಿರುಹೊತ್ತಗೆ, ಆರ್ಟಿಕಲ್ಲಿಗೆ ಸೀಮಿತವಾದದ್ದಾದರೂ ಸಾಕು, ಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. 1926ರಿಂದ ಇರುವ ಮೈಸೂರು ಅಸೋಸಿಯೇಷನ್, 1933ರಿಂದ ಇರುವ ಕರ್ನಾಟಕ ಸಂಘ, ವಿಶ್ವವಿದ್ಯಾಲಯದ ಕನ್ನಡ ವಿಭಾಗ ಮನಸ್ಸು ಮಾಡಿದರೆ ನಿವೃತ್ತ ಶಿಕ್ಷಕರು ನಾಲ್ಕಾರು ಮಂದಿ ಕೂತು ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಹುದಾದ ಕೆಲಸ. ನಲವತ್ತು ಪುಟ ಮೀರಬಾರದು. ಪ್ರತಿ ಪುಟದ ಎಡಕ್ಕೆ ಕನ್ನಡದ ವಾಕ್ಯಗಳ ಜೋಡಿ, ಬಲಕ್ಕೆ ಇಂಗ್ಲಿಷಿನದು. ಮೊದಲ ಪುಟದಲ್ಲಿ ರಾಜನ ಕಥೆ, ಎರಡನೆಯದರಲ್ಲಿ ಮೇಜು ಮತ್ತು ಪುಸ್ತಕ, ಮೂರನೆಯದರಲ್ಲಿ ಮನೆ ಹುಡುಕುವುದು ಮತ್ತು ಮನೆಯನ್ನು ಹುಡುಕುವುದು, ನಾಲ್ಕರಲ್ಲಿ ಸ್ವರ ವ್ಯಂಜನ. ಕಸುಬಿನ ವಾಕ್ಯಗಳಿಗೆ ಎರಡು ಪುಟ ಕೊಡಬೇಕು, ಹೋಟೆಲು, ಮಿಲ್ಲು, ಬ್ಯಾಂಕು, ಆಸ್ಪತ್ರೆ, ಟ್ಯಾಕ್ಸಿ ಎಲ್ಲ ಬರುವಂತೆ. ನದಿ ಪರ್ವತಗಳ ಪಟ್ಟಿ ಇದ್ದರೆ ಇರಲಿ, ಕೊನೆಯ ಪುಟದಲ್ಲಿ. ಬೆಲೆ ಇಡಬಾರದು, ರಾತ್ರಿಶಾಲೆಗೂ ಪಾಲಿಕೆಯ ಕನ್ನಡ ಶಾಲೆಗೂ ಜೂನಿನಲ್ಲಿ ಪಠ್ಯಪುಸ್ತಕದ ಜೊತೆಗೇ ತಲುಪಬೇಕು. ಕರಡು ಬರೆಯುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಇಂಗ್ಲಿಷ್ ಕಲಿಸಿದ ಅನುಭವವಿರುವವರು ಈ ಸಭೆಯಲ್ಲಿದ್ದರೆ ದಯವಿಟ್ಟು ಇಂದೇ ಸಂಘಟಕರ ಬಳಿ ಹೆಸರು ಕೊಟ್ಟು ಹೋಗಿ.